ಮುಳುಗಿದ ಹಡಗಿನ ನಿಧಿಯೂ ಗಡಿಯಾರದ ಪ್ರಶಸ್ತಿಯೂ

ಹುಮನಾಬಾದ ತಾಲೂಕಿನ ಜಲಸಂಗ್ವಿಯ ದೇವಾಲಯದ ಹೊರಭಿತ್ತಿಯಲ್ಲಿ ಶಾಸನ ಬರೆಯುತ್ತಿರುವ ಸ್ತ್ರೀಯೊಬ್ಬಳ ವಿಗ್ರಹವಿದೆ. ಮೈಯನ್ನು ಬಳುಕಿಸಿ ನಿಂತು ಅವಳು ಫಲಕದ ಮೇಲೆ ಬರೆಯುತ್ತಿರುವುದು ಚಾಳುಕ್ಯ ವಿಕ್ರಮಾದಿತ್ಯನನ್ನು ಕೊಂಡಾಡುವ ಸಂಸ್ಕೃತ ಪದ್ಯ. ಆ ಅಕ್ಷರಗಳನ್ನು ಇಂದಿಗೂ ಓದಬಹುದು. ಪೋಷಕನ ಹೆಸರು ಕಲಾಕೃತಿಯ ಅಂಗವೇ ಆಗಿಹೋಗಿರುವುದಕ್ಕೆ ಇದಕ್ಕಿಂತ ಸ್ಪಷ್ಟವಾದ ನಿದರ್ಶನ ನಮ್ಮ ಸೀಮೆಯಲ್ಲಿ ದೊರೆಯುವುದು ದುರ್ಲಭ. ಆದುದರಿಂದ, ದೂರದೇಶದ ಪ್ರದರ್ಶನವೊಂದರಲ್ಲಿ ಧನಸಹಾಯ ಮಾಡಿದವರ ಹೆಸರು ಎದ್ದು ಕಾಣುತ್ತದೆಂದು ಆಕ್ಷೇಪಿಸುವ ಮೊದಲು ಜಲಸಂಗ್ವಿಯನ್ನು ನೆನೆದುಕೊಳ್ಳುವುದು ನ್ಯಾಯ. ಪೋಷಕನ ಹೆಸರಿಗೆ ನಾಚುವ ಸಂಪ್ರದಾಯ ನಮ್ಮದಲ್ಲ. ಹೀಗಿರುವಲ್ಲಿ ಕೇಳತಕ್ಕ ಪ್ರಶ್ನೆ ಬೇರೆ: ಹೆಸರು ಎಲ್ಲಿ ನಿಲ್ಲಬೇಕು, ಮತ್ತು ಹೆಸರಿನ ಜೊತೆಗೆ ಇನ್ನೇನು ಒಳಗೆ ಬರಬಹುದು?

ನಾವು ಪರಿಶೀಲನೆಗೆ ಎತ್ತಿಕೊಂಡಿರುವ ಪ್ರಸಂಗ ಗ್ರೀಸ್ ದೇಶದ್ದು. ಕ್ರಿ.ಪೂ. 1ನೆಯ ಶತಮಾನದಲ್ಲಿ ಅಂಟಿಕಿಥಿರಾ ಎಂಬ ಪುಟ್ಟ ದ್ವೀಪದ ಬಳಿ ಮುಳುಗಿದ ಹಡಗೊಂದರ ಸಾಮಗ್ರಿಯನ್ನೆಲ್ಲ ಅಥೆನ್ಸಿನ ರಾಷ್ಟ್ರೀಯ ಪುರಾತತ್ತ್ವ ವಸ್ತುಸಂಗ್ರಹಾಲಯವು 2012ರ ಏಪ್ರಿಲ್ ತಿಂಗಳಿನಿಂದ ಒಂದೆಡೆ ಕಲೆಹಾಕಿ ಪ್ರದರ್ಶಿಸಿತು. ಮುಂದೆ 2015ರಿಂದ 2016ರವರೆಗೆ ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಪ್ರಾಚೀನ ಕಲಾ ಸಂಗ್ರಹಾಲಯದಲ್ಲಿ ‘ಮುಳುಗಿದ ನಿಧಿ’ ಎಂಬರ್ಥದ ಹೆಸರಿನಿಂದ ಇದೇ ಹಡಗಿನ ಪ್ರದರ್ಶನ ನಡೆಯಿತು. ಈ ಉದ್ಯಮಕ್ಕೂ, 2014ರಲ್ಲಿ ನಡೆದ ಸಮುದ್ರತಳದ ಶೋಧನೆಗೂ ಬೆಂಬಲವಿತ್ತವರು ಉಬ್ಲೊ ಎಂಬ ಸ್ವಿಸ್ ಗಡಿಯಾರ ಸಂಸ್ಥೆಯವರು. 1980ರಲ್ಲಿ ಹುಟ್ಟಿದ ಈ ಸಂಸ್ಥೆ ಬಲುಬೆಲೆಯ ಕೈಗಡಿಯಾರಗಳಿಗೆ ಹೆಸರಾದುದು. ಉಬ್ಲೊ ಎಂದರೆ ಫ್ರೆಂಚ್ ಭಾಷೆಯಲ್ಲಿ ಹಡಗಿನ ಪಕ್ಕದ ದುಂಡುಕಿಟಕಿ. ಮುಳುಗಿದ ಹಡಗಿಗೆ ಇದಕ್ಕಿಂತ ಒಪ್ಪುವ ಪೋಷಕ ಸಿಕ್ಕಲಾರನೆಂದು ತೋರಿದರೆ ಆಶ್ಚರ್ಯವಿಲ್ಲ. ನಾವು ಈ ಪ್ರದರ್ಶನಗಳನ್ನು ಕಣ್ಣಾರೆ ಕಂಡವರಲ್ಲ. ಅವುಗಳ ಜೋಡಣೆಯ ಅಂದಚಂದದ ಬಗೆಗೆ ತೀರ್ಪು ಕೊಡುವುದು ನಮ್ಮ ಉದ್ದೇಶವೂ ಅಲ್ಲ. ಪೋಷಣೆಯ ರೀತಿಯೇ ನಮ್ಮ ವಿಮರ್ಶೆಯ ವಿಷಯ.

ಮೊದಲು ಹಡಗಿನ ಕಥೆ. 1900ರಲ್ಲಿ, ಈಸ್ಟರ್ ಹಬ್ಬದ ಸುಮಾರಿಗೆ, ಸಿಮಿ ದ್ವೀಪದ ಸ್ಪಂಜು ತೆಗೆಯುವ ಮುಳುಗುಗಾರರ ತಂಡವೊಂದು ಬಿರುಗಾಳಿಗೆ ಅಂಜಿ ಅಂಟಿಕಿಥಿರಾದ ಮರೆಯಲ್ಲಿ ತಂಗಿತ್ತು. ಅವರ ನಾಯಕ ದಿಮಿತ್ರಿಯೋಸ್ ಕೊಂಡೋಸ್. ನೀರಿಗಿಳಿದ ಎಲಿಯಾಸ್ ಸ್ಟಾಡಿಯಾಟಿಸ್ ಎಂಬವನು ಗಾಬರಿಯಿಂದ ಮೇಲೆ ಬಂದು, ಕೆಳಗೆ ಹೆಣಗಳ ರಾಶಿಯೇ ಬಿದ್ದಿದೆಯೆಂದು ಹೇಳಿದನಂತೆ. ಅವನು ಹೆಣಗಳೆಂದು ಭ್ರಮಿಸಿದ್ದು ಕಂಚಿನ ಮತ್ತು ಅಮೃತಶಿಲೆಯ ಪ್ರತಿಮೆಗಳನ್ನು. ಗ್ರೀಕ್ ಸರ್ಕಾರ ನೌಕಾಪಡೆಯ ಹಡಗುಗಳನ್ನು ಕಳುಹಿಸಿ, ಅದೇ ಮುಳುಗುಗಾರರಿಂದ ಆ ವರ್ಷದ ಕೊನೆಯಲ್ಲಿ ಎತ್ತುವ ಕೆಲಸ ಆರಂಭಿಸಿ 1901ರವರೆಗೆ ನಡೆಸಿತು. ಸುಮಾರು 50 ಮೀಟರಿನ ಆಳದಲ್ಲಿ, ಅಂದಿನ ಒರಟು ಉಡುಪಿನಲ್ಲಿ ಮಾಡಿದ ಈ ದುಡಿಮೆಯಲ್ಲಿ ಒಬ್ಬ ಮುಳುಗುಗಾರ ಸತ್ತ. ಇಬ್ಬರು ಅಂಗಸ್ವಾಧೀನ ಕಳೆದುಕೊಂಡರು. ಸಮುದ್ರತಳದಿಂದ ಪುರಾತನ ವಸ್ತುಗಳನ್ನು ಇಷ್ಟು ದೊಡ್ಡ ಪ್ರಮಾಣದಲ್ಲಿ ಎತ್ತಿದ ಮೊದಲ ಪ್ರಯತ್ನ ಇದೇ.

ಎತ್ತಿದುದರಲ್ಲಿ ಯುವಕನೊಬ್ಬನ ಕಂಚಿನ ಪೂರ್ಣಪ್ರತಿಮೆಯಿತ್ತು. ಗಡ್ಡಧಾರಿಯಾದ ದಾರ್ಶನಿಕನ ಕಂಚಿನ ತಲೆಯಿತ್ತು. ಬಣ್ಣದ ಗಾಜಿನ ಬಟ್ಟಲುಗಳು, ಚಿನ್ನದ ಆಭರಣ, ಮಣ್ಣಿನ ಜಾಡಿಗಳಿದ್ದವು. ಅಮೃತಶಿಲೆಯ ಪ್ರತಿಮೆಗಳ ಸ್ಥಿತಿ ವಿಚಿತ್ರವಾದುದು. ಮರಳಿನಲ್ಲಿ ಹೂತುಹೋದ ಭಾಗ ಶಿಲ್ಪಿ ನಿನ್ನೆ ಉಜ್ಜಿಟ್ಟಂತೆ ನುಣುಪಾಗಿದೆ. ನೀರಿಗೆ ತೆರೆದಿದ್ದ ಭಾಗವನ್ನು ಕಲ್ಲು ಕೊರೆಯುವ ಕಡಲಜೀವಿಗಳು ತಿಂದುಹಾಕಿವೆ. ಅರ್ಧ ದೇಹ ಮನುಷ್ಯನದು, ಉಳಿದರ್ಧ ಹವಳದ ಬಂಡೆಯಂಥದು. ಶಿಲ್ಪಿಯ ಕೈಯನ್ನೂ ಕಡಲಿನ ಕೈಯನ್ನೂ ಒಂದೇ ಕಲ್ಲಿನಲ್ಲಿ ಓದಬಹುದಾದ ಇಂಥ ವಸ್ತು ಬೇರೆಲ್ಲಿ ಸಿಕ್ಕೀತು? ನಮ್ಮ ಅಭಿಪ್ರಾಯದಲ್ಲಿ ಈ ಹಡಗಿನ ಅತ್ಯಂತ ಗಂಭೀರವಾದ ಕೃತಿಗಳು ಇವೇ. 1976ರಲ್ಲಿ ಜಾಕ್ ಕೂಸ್ತೊನ ತಂಡ ಇಳಿದಾಗ ಪೆರ್ಗಮನ್ ಮತ್ತು ಎಫೆಸಸ್ ನಗರಗಳ ನಾಣ್ಯಗಳು ದೊರೆತವು. ಅವುಗಳ ಆಧಾರದಿಂದ ಹಡಗು ಕ್ರಿ.ಪೂ. 70 ರಿಂದ 60ರ ಸುಮಾರಿಗೆ ಮುಳುಗಿತೆಂದು ನಿರ್ಣಯಿಸಲಾಗಿದೆ. 2016ರಲ್ಲಿ ಹಡಗಿನೊಡನೆ ಮುಳುಗಿದ ಮನುಷ್ಯನೊಬ್ಬನ ಎಲುಬುಗಳು ಕಂಡುಬಂದವು. ಹೆಣವೆಂದು ಸ್ಟಾಡಿಯಾಟಿಸ್ ಕೂಗಿದ ಮಾತು ಪೂರ್ತಿ ಸುಳ್ಳಾಗಿರಲಿಲ್ಲ.

ಇಷ್ಟೆಲ್ಲದರ ನಡುವೆ ಪೋಷಕರ ದೃಷ್ಟಿ ನೆಟ್ಟದ್ದು ಒಂದು ವಸ್ತುವಿನ ಮೇಲೆ. 1902ರಲ್ಲಿ ವಲೇರಿಯೋಸ್ ಸ್ಟೈಸ್ ಎಂಬ ವಿದ್ವಾಂಸರು ಕಂಚಿನ ತುಕ್ಕುಗಟ್ಟಿದ ಮುದ್ದೆಯೊಂದರಲ್ಲಿ ಹಲ್ಲುಚಕ್ರವನ್ನು ಗುರುತಿಸಿದರು. ಇಂದು 82 ತುಂಡುಗಳಾಗಿ ಉಳಿದಿರುವ ಈ ಯಂತ್ರದಲ್ಲಿ 30 ಹಲ್ಲುಚಕ್ರಗಳು ಕಂಡುಬಂದಿವೆ. 1974ರಲ್ಲಿ ಡೆರೆಕ್ ಪ್ರೈಸ್ ಅವರು ಬರೆದ ಪ್ರಬಂಧವೂ, 2005ರಲ್ಲಿ ಕ್ಷಕಿರಣಗಳ ನೆರವಿನಿಂದ ಪದರಪದರವಾಗಿ ಒಳಗನ್ನು ಪರೀಕ್ಷಿಸಿದ ವಿದ್ವಾಂಸರ ತಂಡವೂ ಇದರ ಕಾರ್ಯವಿಧಾನವನ್ನು ಬಹುಮಟ್ಟಿಗೆ ಬಿಡಿಸಿಟ್ಟಿವೆ. ಕೈಯಿಂದ ತಿರುಗಿಸಿದರೆ ಸೂರ್ಯಚಂದ್ರರ ಸ್ಥಾನ ತೋರುತ್ತಿತ್ತು; 19 ವರ್ಷಗಳಿಗೆ 235 ಚಾಂದ್ರಮಾಸಗಳೆಂಬ ಲೆಕ್ಕ ಅದರಲ್ಲಿತ್ತು; 223 ಮಾಸಗಳ ಆವೃತ್ತಿಯಿಂದ ಗ್ರಹಣಗಳನ್ನು ಮುಂಚಿತವಾಗಿ ಹೇಳುತ್ತಿತ್ತು; ಒಲಿಂಪಿಕ್ ಪಂದ್ಯಗಳ ವರ್ಷವನ್ನೂ ಗುರುತಿಸುತ್ತಿತ್ತು.

ಉಬ್ಲೊ ಸಂಸ್ಥೆಯವರು ಈ ಯಂತ್ರದ ಚಕ್ರಗಣಿತವನ್ನು ಕುಗ್ಗಿಸಿ ಕೈಗಡಿಯಾರವೊಂದನ್ನು ರಚಿಸಿದರು. ಅದು ಪ್ಯಾರಿಸಿನ ಕಲೆ-ಕಸಬುಗಳ ವಸ್ತುಸಂಗ್ರಹಾಲಯದಲ್ಲಿ 2011ರಲ್ಲಿ ಜನರ ಮುಂದೆ ಬಂದು, ಮರುವರ್ಷ ಅಥೆನ್ಸಿನ ಪ್ರದರ್ಶನದಲ್ಲಿಯೂ ಸ್ಥಾನ ಪಡೆಯಿತು. ಪುರಾತನ ಯಂತ್ರವನ್ನು ಗಡಿಯಾರದ ಪೂರ್ವಜನೆಂದು ಬಣ್ಣಿಸುವುದು ಇಲ್ಲಿಂದ ವಾಡಿಕೆಯಾಯಿತು. ನಮ್ಮ ಮೊದಲ ಆಕ್ಷೇಪ ಈ ಬಣ್ಣನೆಗೆ. ಆ ಯಂತ್ರ ಹೊತ್ತನ್ನು ತೋರಿಸುತ್ತಿರಲಿಲ್ಲ. ಅದರಲ್ಲಿ ತಾನಾಗಿ ನಡೆಸುವ ಸುರುಳಿಯಿಲ್ಲ, ಗಂಟೆಯಿಲ್ಲ, ನಿಮಿಷವಿಲ್ಲ. ತಿಥಿ, ಮಾಸ, ಗ್ರಹಣ, ಉತ್ಸವ: ಇವೇ ಅದರ ವಿಷಯ. ನಮ್ಮ ಯುಗಾದಿಯ ದಿನ ಜೋಯಿಸರು ಬಿಚ್ಚಿ ಓದುವ ಪಂಚಾಂಗಕ್ಕೂ ಇದಕ್ಕೂ ಇರುವ ಸಾಮ್ಯ, ಗಡಿಯಾರಕ್ಕೂ ಇದಕ್ಕೂ ಇಲ್ಲ. 19 ವರ್ಷಕ್ಕೆ 235 ಮಾಸಗಳೆಂದರೆ ಹನ್ನೆರಡರ ಲೆಕ್ಕದ 228ರ ಮೇಲೆ 7 ಹೆಚ್ಚು. ನಮ್ಮ ಪಂಚಾಂಗದಲ್ಲಿ ಸುಮಾರು 19 ವರ್ಷಗಳಲ್ಲಿ ಬರುವ ಅಧಿಕಮಾಸಗಳೂ ಏಳೇ. ಆಲಮೇಲದಿಂದ ಹುಲಸೂರಿನವರೆಗೆ ಅಧಿಕಮಾಸವನ್ನರಿಯದ ಮುದುಕಿಯಿಲ್ಲ. ಆಕೆ ಈ ಯಂತ್ರವನ್ನು ಕಂಡಿದ್ದರೆ ಪಂಚಾಂಗವೆಂದೇ ಕರೆಯುತ್ತಿದ್ದಳೆಂದು ನಮಗೆ ತೋರುತ್ತದೆ.

ಹೆಸರಿನ ಈ ಪಲ್ಲಟ ಸಣ್ಣದೆಂದು ತಳ್ಳಿಹಾಕುವಂತಿಲ್ಲ. ಪಂಚಾಂಗ ಊರಿಗೆ ಸೇರಿದುದು, ಕೂಡಿ ಮಾಡುವ ಹಬ್ಬಕ್ಕೆ ಸೇರಿದುದು. ಕೈಗಡಿಯಾರ ಒಬ್ಬನ ಮಣಿಕಟ್ಟಿಗೆ ಸೇರಿದುದು. ಮೊದಲನೆಯದನ್ನು ಎರಡನೆಯದರ ಅಜ್ಜನೆಂದು ಹೇಳಿದಾಗ ವಂಶಾವಳಿಯೊಂದು ಹುಟ್ಟಿಕೊಳ್ಳುತ್ತದೆ. ಶಾಸನಗಳನ್ನು ಓದುವವರಿಗೆ ಈ ಉಪಾಯ ಹೊಸದಲ್ಲ. ಸಾಮಂತನೊಬ್ಬ ಬಲಿತೊಡನೆ ಅವನ ಪ್ರಶಸ್ತಿಕಾರರು ಚಂದ್ರನಿಂದಲೋ ಸೂರ್ಯನಿಂದಲೋ ವಂಶವನ್ನು ಎಳೆದು ತರುತ್ತಿದ್ದರು. 1980ರ ಸಂಸ್ಥೆಗೆ ಎರಡು ಸಾವಿರ ವರ್ಷದ ಹಿರಿಯನೊಬ್ಬ ಬೇಕಾಗಿದ್ದ; ಕಡಲು ಒದಗಿಸಿತು.

ಆದರೂ ಆ ಗಡಿಯಾರವನ್ನು ಬರಿಯ ಆಡಂಬರವೆಂದು ಹೇಳಿದರೆ ಅನ್ಯಾಯವಾದೀತು. ಕರಕುಶಲದಲ್ಲಿ ನುರಿತವರು ಪ್ರಾಚೀನ ಕೆಲಸಗಾರನ ಲೆಕ್ಕವನ್ನು ತಮ್ಮ ಕೈಯಿಂದ ಮತ್ತೆ ಮಾಡಿ ನೋಡುವುದು ಒಂದು ಬಗೆಯ ವ್ಯಾಖ್ಯಾನವೇ ಸರಿ. ಮೂಲವನ್ನು ಅರಿಯದೆ ಟೀಕೆ ಬರೆಯಲಾಗದು. ಹಲ್ಲಿನ ಎಣಿಕೆ ತಿಳಿಯದೆ ಚಕ್ರ ಕೊರೆಯಲಾಗದು. ಅಲ್ಲಿಗೇ ನಿಂತಿದ್ದರೆ ನಾವು ಸಂತೋಷದಿಂದ ಒಪ್ಪುತ್ತಿದ್ದೆವು. ಆದರೆ 2013ರಲ್ಲಿ ಅಂಟಿಕಿಥಿರಾದ ಹೆಸರನ್ನೇ ಹೊತ್ತ, 20ರ ಸಂಖ್ಯೆಗೆ ಮಿತಿಗೊಳಿಸಿದ ಇನ್ನೊಂದು ಬಗೆಯ ಕೈಗಡಿಯಾರಗಳು ಮಾರಾಟಕ್ಕೆ ಬಂದವು. ಒಂದೊಂದರ ಬೆಲೆ ಕಾಲೇಜಿನ ಅಧ್ಯಾಪಕನೊಬ್ಬನ ಹಲವು ವರ್ಷಗಳ ವೇತನವನ್ನು ನುಂಗುವಂಥದು. ಟೀಕೆಯನ್ನು ಅಂಗಡಿಯಲ್ಲಿಟ್ಟು, ಅದಕ್ಕೆ ಮೂಲಗ್ರಂಥದ ಹೆಸರನ್ನೇ ಕೊಟ್ಟಂತಾಯಿತು.

ನಮ್ಮ ನಾಡಿನ ಗಡಿಯಾರದ ಕಥೆಯನ್ನು ಇಲ್ಲಿ ಒಂದು ಮಾತಿನಲ್ಲಿ ಸ್ಮರಿಸಬಹುದು. ಬೆಂಗಳೂರಿನ ಎಚ್.ಎಂ.ಟಿ. ಕಾರ್ಖಾನೆ 1961ರಲ್ಲಿ ಜಪಾನಿನ ಸಿಟಿಜನ್ ಸಂಸ್ಥೆಯ ಸಹಾಯದಿಂದ ಕೈಗಡಿಯಾರ ತಯಾರಿಸತೊಡಗಿ, ‘ಜನತಾ’ ಮೊದಲಾದ ಹೆಸರುಗಳಿಂದ ಅದನ್ನು ಮೇಷ್ಟರುಗಳ, ಗುಮಾಸ್ತರ ಕೈಗೆ ತಂದಿತು. 2019ರಲ್ಲಿ ಬೆಂಗಳೂರಿನಲ್ಲಿ ಆ ಗಡಿಯಾರಗಳಿಗೇ ಒಂದು ವಸ್ತುಸಂಗ್ರಹಾಲಯ ತೆರೆಯಿತು. ಸಂಸ್ಥೆ ತನ್ನ ಮನೆಯಲ್ಲಿ ತನ್ನ ವಸ್ತುವನ್ನು ತೋರಿಸುವುದರಲ್ಲಿ ಯಾವ ಗೊಂದಲವೂ ಇಲ್ಲ; ನೋಡುವವನು ಎಲ್ಲಿದ್ದೇನೆಂಬುದನ್ನು ಅರಿತಿರುತ್ತಾನೆ.

ಈಗ ನಮ್ಮ ಶಾಸನಗಳು ವರ್ತಕನ ದಾನವನ್ನು ಹೇಗೆ ಬರೆದಿಟ್ಟಿವೆಯೆಂಬುದನ್ನು ನೋಡೋಣ. ಕಲ್ಯಾಣದ ಚಾಳುಕ್ಯರ ಕಾಲದಲ್ಲಿ ಅಯ್ಯಾವೊಳೆಯ ಐನೂರ್ವರೆಂಬ ವರ್ತಕಸಂಘದವರ ಕೀರ್ತಿ ದಕ್ಷಿಣಾಪಥವನ್ನೆಲ್ಲ ವ್ಯಾಪಿಸಿತ್ತು. ಸುಮಾತ್ರಾದ ಬರೂಸಿನ ಬಳಿ ದೊರೆತ 1088ರ ತಮಿಳು ಶಾಸನದಲ್ಲಿಯೂ ಐನೂರ್ವರ ಹೆಸರಿದೆ. ಕಡಲು ಇವರಿಗೆ ಹಿತ್ತಲಿನಂತೆ ಬಳಕೆಯಾಗಿತ್ತು. ಇವರ ಪ್ರಶಸ್ತಿಗಳಷ್ಟು ಉದ್ದವಾದ, ಇಷ್ಟು ಸಂಕೋಚವಿಲ್ಲದ ಆತ್ಮಶ್ಲಾಘನೆ ಬೇರೆಲ್ಲೂ ಇರಲಾರದು. ತಾವು ನೆಲದಾರಿ, ನೀರುದಾರಿಗಳಲ್ಲಿ ಹೊಕ್ಕ ದೇಶಗಳ ಪಟ್ಟಿ, ಮಾರುವ ಆನೆ, ಕುದುರೆ, ರತ್ನ, ಮುತ್ತು, ಗಂಧ, ಕರ್ಪೂರಗಳ ಪಟ್ಟಿ, ತಮ್ಮ ಶೌರ್ಯ, ತಮ್ಮ ಧರ್ಮ: ಎಲ್ಲವನ್ನೂ ಕೊಚ್ಚಿಕೊಳ್ಳುತ್ತಾರೆ. ಉಬ್ಲೊದವರ ಪ್ರಚಾರಪತ್ರ ಇವರ ಮುಂದೆ ಮೌನವ್ರತದಂತೆ ಕಂಡೀತು!

ಆದರೆ ಪ್ರಶಸ್ತಿ ಮುಗಿದು ದಾನದ ಭಾಗ ಬಂದೊಡನೆ ಶಾಸನದ ಧ್ವನಿ ಬದಲಾಗುತ್ತದೆ. ಅಲಂಕಾರ ಉದುರಿ ಲೆಕ್ಕ ಮಾತ್ರ ಉಳಿಯುತ್ತದೆ. ಶಕವರ್ಷ, ಸಂವತ್ಸರ, ತಿಥಿ, ವಾರ. ಕೊಟ್ಟವರು ಯಾರು, ಪಡೆದವರು ಯಾರು, ಯಾವ ಖರ್ಚಿಗೆ. ಭೂಮಿಯಾದರೆ ಇಂಥ ಕೋಲಿನಲ್ಲಿ ಅಳೆದ ಇಷ್ಟು ಮತ್ತರು, ಅದರ ನಾಲ್ಕು ದಿಕ್ಕಿನ ಎಲ್ಲೆ. ವರ್ತಕರ ಸರಕುಗಳ ಹೆಸರು ಇಲ್ಲಿ ಮತ್ತೆ ಬರುತ್ತದೆ. ಬರುವ ಕಾರಣ ಮಾತ್ರ ಬೇರೆ. ಎಲೆಯ ಹೇರಿಗೆ ಇಷ್ಟು ಎಲೆ, ಮೆಣಸಿನ ಹೇರಿಗೆ ಇಷ್ಟು, ಎಣ್ಣೆಯ ಗಾಣಕ್ಕೆ ಇಷ್ಟು ಎಂದು ತಮ್ಮ ಸರಕಿನ ಮೇಲೆ ತಾವೇ ಹಾಕಿಕೊಂಡ ತೆರಿಗೆಯ ರೂಪದಲ್ಲಿ ಅದು ದಾನಕ್ಕೆ ಸೇರುತ್ತದೆ. ಸರಕು ದೇಗುಲದ ಶಾಸನವನ್ನು ಪ್ರವೇಶಿಸುವುದು ಕೊಡತಕ್ಕ ವಸ್ತುವಾಗಿ. ಕೊಳ್ಳಿರೆಂದು ಕರೆಯುವ ವಸ್ತುವಾಗಿ ಅಲ್ಲ. ಈ ಒಂದು ಭೇದವನ್ನು ಗಮನಿಸಿದರೆ ಅಥೆನ್ಸಿನ ಪ್ರಸಂಗದ ದೋಷ ಸ್ಪಷ್ಟವಾಗುತ್ತದೆ. ಅಲ್ಲಿ ಪೋಷಕನ ಸರಕು ಒಳಗೆ ಬಂದದ್ದು ದಾನದ ಮೂಲವಾಗಿ ಅಲ್ಲ, ದೇವರ ಪಕ್ಕದ ಇನ್ನೊಂದು ವಿಗ್ರಹವಾಗಿ.

ಇನ್ನೊಂದು ವಿಧಿಯನ್ನೂ ಮರೆಯಬಾರದು. ಶಾಸನಗಳಲ್ಲಿ ದಾನಿ ಆಚಾರ್ಯನ ಕಾಲು ತೊಳೆದು ಧಾರೆಯೆರೆದು ಕೊಡುತ್ತಾನೆ. ಅವನು ಮಹಾಮಂಡಲೇಶ್ವರನಾದರೂ ಆ ಗಳಿಗೆಯಲ್ಲಿ ಪಡೆಯುವವನಿಗಿಂತ ಕೆಳಗೆ ಕುಳಿತಿರುತ್ತಾನೆ. ಇಂದಿನ ಪೋಷಣೆಯ ಒಪ್ಪಂದಗಳಲ್ಲಿ ಸಂಗ್ರಹಾಲಯವೇ ಪೋಷಕನ ಕಾಲು ತೊಳೆಯುವ ಪ್ರಸಂಗಗಳು ಹೆಚ್ಚುತ್ತಿವೆ. ಜಲಸಂಗ್ವಿಯ ಬರೆಯುವ ಬಾಲೆ ವಿಕ್ರಮಾದಿತ್ಯನನ್ನು ಹೊಗಳುತ್ತಿದ್ದಾಳೆ, ನಿಜ. ಆದರೆ ಅವಳು ಹೊರಗೋಡೆಯಲ್ಲಿದ್ದಾಳೆ, ಗರ್ಭಗೃಹದಲ್ಲಿಲ್ಲ. ಅವಳನ್ನು ಕಡೆದ ಶಿಲ್ಪಿ ಅರಸನ ಹೆಸರಿಗಿಂತ ಅವಳ ಬೆರಳುಗಳಿಗೆ ಹೆಚ್ಚು ಗಮನ ಕೊಟ್ಟಿದ್ದಾನೆ.

‘ನಿಧಿ’ ಎಂಬ ಮಾತನ್ನೂ ವಿಚಾರಿಸಬೇಕಾಗಿದೆ. ಬಾಸೆಲಿನವರು ಪ್ರದರ್ಶನಕ್ಕೆ ಅದೇ ಹೆಸರಿಟ್ಟರು. ಕಲ್ಯಾಣದಲ್ಲಿ ಕುಳಿತು ಯಾಜ್ಞವಲ್ಕ್ಯಸ್ಮೃತಿಗೆ ಮಿತಾಕ್ಷರಾ ವ್ಯಾಖ್ಯೆ ಬರೆದ ವಿಜ್ಞಾನೇಶ್ವರನು ನಿಧಿಯ ಪ್ರಕರಣವನ್ನು ವ್ಯವಹಾರಾಧ್ಯಾಯದಲ್ಲಿ ವಿವರಿಸಿದ್ದಾನೆ. ಸಾಮಾನ್ಯನೊಬ್ಬನಿಗೆ ನಿಧಿ ಸಿಕ್ಕಿದರೆ ಆರನೆಯ ಒಂದು ಪಾಲನ್ನು ಅವನಿಗೆ ಕೊಟ್ಟು ಉಳಿದುದನ್ನು ಅರಸ ತೆಗೆದುಕೊಳ್ಳಬೇಕು; ಅರಸನಿಗೆ ತಿಳಿಸದೆ ಮುಚ್ಚಿಟ್ಟವನು ಸಿಕ್ಕಿಬಿದ್ದರೆ ನಿಧಿಯನ್ನೂ ಒಪ್ಪಿಸಬೇಕು, ದಂಡವನ್ನೂ ತೆರಬೇಕು. ಧರ್ಮಶಾಸ್ತ್ರದಲ್ಲಿ ನಿಧಿಯೆಂದರೆ ಮೊದಲಿಗೆ ಒಂದು ಹೊಣೆ; ಕಂಡವನು ಅದನ್ನು ಊರಿಗೆ ಹೇಳಬೇಕು. ಕೊಂಡೋಸನೂ ಅವನ ಜೊತೆಯವರೂ ಹಾಗೆಯೇ ಗ್ರೀಕ್ ಸರ್ಕಾರಕ್ಕೆ ತಿಳಿಸಿದರು. ವಸ್ತುಗಳೆಲ್ಲ ರಾಷ್ಟ್ರದ ಪಾಲಾದವು. ಪ್ರದರ್ಶನದ ಭಾಷೆಯಲ್ಲಿ ನಿಧಿ ಎಂಬುದಕ್ಕೆ ಹೊಳಪು ಮಾತ್ರ ಉಳಿದು ಹೊಣೆ ಮರೆಯಾಗಿದೆ. ಅಮೂಲ್ಯ ವಸ್ತು ಮಾರುವವನಿಗೆ ‘ನಿಧಿ’ ಎಂಬ ಮಾತು ಪ್ರಿಯವಾಗುವುದು ಸಹಜವೇ. ಸತ್ತ ಮುಳುಗುಗಾರನ ಹೆಸರು ಆ ಮಾತಿನೊಳಗೆ ಹಿಡಿಸುವುದಿಲ್ಲ.

ಇದೆಲ್ಲ ಪರದೇಶದ ವಿಚಾರ, ಹುಲಸೂರಿನ ವಿದ್ಯಾರ್ಥಿಗೆ ಏತಕ್ಕೆಂದು ಕೇಳುವವರಿದ್ದಾರೆ. ಹುಲಸೂರಿನಿಂದ ಪಶ್ಚಿಮಕ್ಕೆ, ಗಡಿಯಾಚೆಯ ಧಾರಾಶಿವ ಜಿಲ್ಲೆಯಲ್ಲಿ, ತೇರ್ ಎಂಬ ಊರಿದೆ. ಪ್ರಾಚೀನರ ತಗರ ಇದೇ. ಶಿಲಾಹಾರರು ತಮ್ಮನ್ನು ತಗರಪುರವರಾಧೀಶ್ವರರೆಂದು ಕರೆದುಕೊಂಡದ್ದು ಈ ಊರಿನ ಹೆಸರಿನಿಂದ. ಕ್ರಿ.ಶ. 1ನೆಯ ಶತಮಾನದ ಪೆರಿಪ್ಲಸ್ ಎಂಬ ಗ್ರೀಕ್ ಗ್ರಂಥವು ತಗರದ ಬಟ್ಟೆಗಳು ಬಂಡಿಗಳಲ್ಲಿ ಭರುಕಚ್ಛದ ರೇವಿಗೆ ಹೋಗುತ್ತಿದ್ದುವೆಂದು ತಿಳಿಸುತ್ತದೆ. ಅಲ್ಲಿಂದ ಮುಂದೆ ಹಡಗು, ಕಡಲು, ಯವನರ ಪೇಟೆ. (ಯವನರ ಮಾತೆತ್ತಿದೊಡನೆ ಆಕ್ಸಿರಿಂಕಸಿನ ಪ್ರಹಸನದಲ್ಲಿ ಕನ್ನಡ ಮಾತುಗಳಿವೆಯೇ ಎಂಬ ಚರ್ಚೆಗೆ ಓಡುವುದು ನಮ್ಮವರ ಅಭ್ಯಾಸ. ಆ ಚರ್ಚೆ ಇಲ್ಲಿ ಬೇಡ. ಬಟ್ಟೆಯ ಬಂಡಿಗಳು ಸಾಕು.) ತೇರಿನಲ್ಲಿ ದೊರೆತ ದಂತದ ಸ್ತ್ರೀವಿಗ್ರಹವೊಂದಕ್ಕೂ, ಇಟಲಿಯ ಪಾಂಪೆಯಲ್ಲಿ 1938ರಲ್ಲಿ ಸಿಕ್ಕಿದ ಭಾರತೀಯ ದಂತವಿಗ್ರಹಕ್ಕೂ ಇರುವ ಹೋಲಿಕೆಯನ್ನು ವಿದ್ವಾಂಸರು ಬಹುಕಾಲದಿಂದ ಗುರುತಿಸಿದ್ದಾರೆ.

ತೇರಿನ ಈ ವಸ್ತುಗಳು ಉಳಿದದ್ದು ಹೇಗೆ? ಆ ಊರಿನ ರಾಮಲಿಂಗಪ್ಪ ಲಾಮತುರೆ ಎಂಬವರು ನೆಲದಿಂದ ಮೇಲೆದ್ದ ಮಣ್ಣಿನ ಗೊಂಬೆ, ಮಣಿ, ನಾಣ್ಯ, ದಂತದ ಚೂರುಗಳನ್ನು ಕೂಡಿಸಿಟ್ಟರು. ಅವರ ಸಂಗ್ರಹವೇ ಇಂದು ಅವರ ಹೆಸರಿನ ಸರ್ಕಾರಿ ವಸ್ತುಸಂಗ್ರಹಾಲಯವಾಗಿದೆ. ಇಲ್ಲಿಯೂ ಪೋಷಕನ ಹೆಸರು ಬಾಗಿಲ ಮೇಲಿದೆ, ಇರಬೇಕಾದದ್ದೇ. ಒಳಗಿರುವುದು ಮಾತ್ರ ತಗರ.

ಬಸವಕಲ್ಯಾಣದ ಕೋಟೆಯೊಳಗೂ ಒಂದು ವಸ್ತುಸಂಗ್ರಹಾಲಯವಿದೆ. ಸುತ್ತಿನ ಹಳ್ಳಿಗಳಲ್ಲಿ ಎಷ್ಟೋ ವೀರಗಲ್ಲುಗಳು ಗುಡಿಯ ಕಟ್ಟೆಗೆ ಆನಿಸಿ ನಿಂತು, ಸುಣ್ಣ ಬಳಿಸಿಕೊಂಡು ಅಕ್ಷರ ಕಳೆದುಕೊಳ್ಳುತ್ತಿವೆ. ನಮ್ಮ ವಿದ್ಯಾರ್ಥಿಗಳು ಕೇಳುವ ಪ್ರಶ್ನೆ ನೇರವಾದುದು: ಈ ಕಲ್ಲುಗಳಿಗೆ ಯಾವ ಗಡಿಯಾರದವನಾದರೂ ಬರಲಿ, ಹಣ ಕೊಟ್ಟು ಒಂದು ಮಾಡು ಹಾಕಿಸಲಿ, ಪಕ್ಕದಲ್ಲಿ ತನ್ನ ಗಡಿಯಾರವನ್ನೇ ಇಟ್ಟುಕೊಳ್ಳಲಿ, ಕಲ್ಲು ಉಳಿಯುವುದಲ್ಲವೇ? ಈ ಪ್ರಶ್ನೆಗೆ ತಿರಸ್ಕಾರದ ಉತ್ತರ ಸಲ್ಲದು. ಗ್ರೀಸ್ ದೇಶ ಆರ್ಥಿಕ ಮುಗ್ಗಟ್ಟಿನಲ್ಲಿದ್ದ ವರ್ಷಗಳಲ್ಲಿಯೇ ಅಥೆನ್ಸಿನ ಪ್ರದರ್ಶನ ನಡೆಯಿತು. ಹಸಿದವನಿಗೆ ಪಂಕ್ತಿಯ ನಿಯಮ ಹೇಳುವುದು ಸುಲಭ. ಆದರೂ ಹಣ ಪಡೆಯುವ ಮುನ್ನ ನಾವು ಬರೆಸಿಕೊಳ್ಳಬೇಕಾದ ಮಾತುಗಳಿಗಾಗಿ ದೂರ ಹುಡುಕಬೇಕಾಗಿಲ್ಲ. ನಮ್ಮ ಕಲ್ಲುಗಳೇ ಅವನ್ನು ಹೇಳುತ್ತಿವೆ. ಮೊತ್ತವೆಷ್ಟು, ಯಾವ ಖರ್ಚಿಗೆ, ಎಷ್ಟು ಕಾಲಕ್ಕೆ ಎಂಬುದನ್ನು ಎಲ್ಲರೂ ಓದುವಂತೆ ಹಲಗೆಯಲ್ಲಿ ಬರೆಯಬೇಕು. ಉಬ್ಲೊದವರು ಕೊಟ್ಟ ಮೊತ್ತವನ್ನು ಪ್ರದರ್ಶನದ ಗೋಡೆಯ ಮೇಲೆ ಬರೆದಿದ್ದರೆ, ಗಡಿಯಾರದ ಬೆಲೆಯ ಪಕ್ಕದಲ್ಲಿಟ್ಟು ನೋಡುವ ಸ್ವಾತಂತ್ರ್ಯವಾದರೂ ನೋಡುಗನಿಗಿರುತ್ತಿತ್ತು. ದಾನಿಯ ಸರಕು ಪ್ರದರ್ಶನದ ಕೋಣೆಗೆ ಬರಕೂಡದು. ಬಂದರೆ ಬೇರೆ ಕೋಣೆಯಲ್ಲಿ, ಬೇರೆ ಹೆಸರಿನಲ್ಲಿ. ಕಲ್ಲಿನ ವಿವರಣೆಯನ್ನು ಬರೆಯುವ ಕೈ ಸಂಗ್ರಹಾಲಯದ್ದೇ ಆಗಿರಬೇಕು. ವೀರಗಲ್ಲನ್ನು ಯಾರ ಪೂರ್ವಜನೆಂದೂ ಕರೆಯುವ ಹಕ್ಕು ಧನಕ್ಕೆ ಸೇರದು. ಅದು ತುರುಗಾಳಗದಲ್ಲಿ ಸತ್ತವನ ಕಲ್ಲು, ಕೆತ್ತಿಸಿದವರು ಅವನ ಮನೆಯವರೋ ಊರವರೋ.

ಮುಂಬರುವ ವರ್ಷದಲ್ಲಿ ವಿದ್ಯಾರ್ಥಿಗಳು ಜಲಸಂಗ್ವಿ, ನಾರಾಯಣಪುರ, ಹುಲಸೂರುಗಳ ಸುತ್ತಿನ ಕಲ್ಲುಗಳ ಪಟ್ಟಿಯನ್ನು ಮಾಡಲು ಹೊರಟರೆ, ಪ್ರತಿ ಕಲ್ಲಿನ ಮುಂದೆ ದಾನಿಯ ಹೆಸರು, ದಾನದ ಪ್ರಮಾಣ, ಎಲ್ಲೆ ಎಂಬ ಮೂರು ಕಲಮುಗಳನ್ನು ತಪ್ಪದೆ ತುಂಬಬೇಕೆಂದು ಸೂಚಿಸುತ್ತೇವೆ. ಸುಣ್ಣ ಬಳಿದ ಕಲ್ಲುಗಳನ್ನು ನೀರು ಮತ್ತು ಮೆತ್ತನೆಯ ಕುಂಚದಿಂದಷ್ಟೇ ತೊಳೆಯಬೇಕು. ಉಳಿಯನ್ನಾಗಲಿ ಆಮ್ಲವನ್ನಾಗಲಿ ಮುಟ್ಟಿಸಬಾರದು.